ಚಕ್ರ ನಿಂತದ್ದು ತಿಳಿಯುವುದು ಹೇಗೆ?

ಕೊಚ್ಚಿಯ ಎಡಪ್ಪಳ್ಳಿಯಲ್ಲಿ ಎರಡು ರಾಷ್ಟ್ರೀಯ ಹೆದ್ದಾರಿಗಳು ಕೂಡುತ್ತವೆ. ಒಂದು ಸೇಲಂ ಕಡೆಯಿಂದ ಬರುವ 544. ಇನ್ನೊಂದು ಉಡುಪಿ, ಮಂಗಳೂರು, ಕಾಸರಗೋಡು ದಾಟಿ ಬರುವ 66. ಮಳೆಗಾಲದಲ್ಲಿ ಇಲ್ಲಿ ಮುಂದಿನ ಗಾಡಿ ತಟ್ಟನೆ ನಿಂತರೆ ಹಿಂದಿನವರೆಲ್ಲ ಒಟ್ಟಿಗೇ ಬ್ರೇಕ್ ಒತ್ತುತ್ತಾರೆ. ಕೆಲವು ಗಾಡಿಗಳು ನೇರವಾಗಿ ನಿಲ್ಲುತ್ತವೆ, ಕೆಲವು ಜಾರುತ್ತವೆ. ಟಯರಿನ ಸವೆತವೂ ವೇಗವೂ ಇದಕ್ಕೆ ಕಾರಣವಿರಬಹುದು. ಆದರೆ ಚಕ್ರದ ಪಕ್ಕ ಕೂತ ಬೆರಳುದ್ದದ ಒಂದು ಸಾಧನಕ್ಕೂ ಇದರಲ್ಲಿ ಪಾಲಿದೆ. ಪುಸ್ತಕದ ಕನ್ನಡದಲ್ಲಿ ಅದು ವೇಗ ಸಂವೇದಕ, ಗ್ಯಾರೇಜಿನಲ್ಲಿ ಎಬಿಎಸ್ ಸೆನ್ಸರ್.

ಉರುಳುವ ಚಕ್ರಕ್ಕೆ ರಸ್ತೆಯ ಹಿಡಿತವಿರುತ್ತದೆ. ಜೋರಾಗಿ ಬ್ರೇಕ್ ಹಾಕಿ ಚಕ್ರ ಲಾಕ್ ಆಯಿತೆಂದರೆ ಸ್ಟೀರಿಂಗ್ ಎತ್ತ ತಿರುಗಿಸಿದರೂ ಗಾಡಿ ಮುಂದಕ್ಕೇ ಜಾರುತ್ತದೆ. ಈ ತೊಂದರೆ ವಿಮಾನಗಳಿಗೂ ಇತ್ತು. 1950ರ ದಶಕದಲ್ಲಿ ಬ್ರಿಟನ್ನಿನ ಡನ್‌ಲಪ್ ಕಂಪನಿಯ ಮ್ಯಾಕ್ಸರೆಟ್ ಸಾಧನ ವಿಮಾನಗಳಿಗೆ ಬಂತು. ಅದರಲ್ಲಿ ಎಲೆಕ್ಟ್ರಾನಿಕ್ಸ್ ಇರಲಿಲ್ಲ. ಚಕ್ರದೊಂದಿಗೆ ತಿರುಗುವ ಪುಟ್ಟ ಫ್ಲೈವೀಲ್ ಇತ್ತು. ಚಕ್ರ ತಟ್ಟನೆ ನಿಧಾನವಾದರೆ ಫ್ಲೈವೀಲ್ ತನ್ನ ರಭಸದಲ್ಲೇ ಮುಂದೆ ತಿರುಗಿ ವಾಲ್ವ್ ತೆರೆಯುತ್ತಿತ್ತು, ಬ್ರೇಕಿನ ಒತ್ತಡ ಇಳಿಯುತ್ತಿತ್ತು. 1966ರಲ್ಲಿ ಜೆನ್ಸನ್ ಎಫ್‌ಎಫ್ ಎಂಬ ಕಾರಿಗೂ ಇದನ್ನು ಜೋಡಿಸಿದರು.

ನಾಲ್ಕೂ ಚಕ್ರಗಳನ್ನು ಬೇರೆಬೇರೆಯಾಗಿ ಗಮನಿಸಲು ವಿದ್ಯುತ್ ಸಂಕೇತ ಬೇಕಾಯಿತು. 1831ರಲ್ಲಿ ಫ್ಯಾರಡೆ ಕಂಡ ತತ್ವವೇ ಇಲ್ಲಿ ಕೆಲಸಕ್ಕೆ ಬಂತು. ಚಕ್ರದೊಂದಿಗೆ ಹಲ್ಲಿನ ಉಂಗುರ ತಿರುಗುತ್ತದೆ, ಅದರೆದುರು ಅಯಸ್ಕಾಂತಕ್ಕೆ ಸುತ್ತಿದ ತಂತಿಯ ಸುರುಳಿ. ಒಂದೊಂದು ಹಲ್ಲು ಹಾದಾಗಲೂ ಒಂದು ಮಿಡಿತ. 1970ರಲ್ಲಿ ಮರ್ಸಿಡಿಸ್ ಇಂಥ ವ್ಯವಸ್ಥೆಯನ್ನು ತೋರಿಸಿತಾದರೂ ಆಗಿನ ಎಲೆಕ್ಟ್ರಾನಿಕ್ಸ್ ನಂಬುವಷ್ಟು ಗಟ್ಟಿಯಿರಲಿಲ್ಲ. 1978ರಲ್ಲಿ ಬಾಷ್ ಕಂಪನಿಯ ಡಿಜಿಟಲ್ ಎಬಿಎಸ್ ಮರ್ಸಿಡಿಸ್‌ನ ಎಸ್-ಕ್ಲಾಸ್ ಕಾರಿಗೆ ಬಂತು. 1995ರಲ್ಲಿ ಅದೇ ಸೆನ್ಸರುಗಳ ಜೊತೆಗೆ ಸ್ಟೀರಿಂಗಿನ ಕೋನವನ್ನೂ ಗಾಡಿ ಗಿರಕಿ ಹೊಡೆಯುವ ವೇಗವನ್ನೂ ಅಳೆದು, ಒಂದೇ ಚಕ್ರಕ್ಕೆ ಬ್ರೇಕ್ ಹಾಕಿ ಗಾಡಿಯನ್ನು ದಾರಿಗೆ ತರುವ ಇಎಸ್‌ಪಿ ಬಂತು. 1997ರಲ್ಲಿ ಸ್ವೀಡನ್ನಿನ ಪತ್ರಿಕೆಯೊಂದರ ಪರೀಕ್ಷೆಯಲ್ಲಿ ಎ-ಕ್ಲಾಸ್ ಕಾರು ಪಲ್ಟಿಯಾದ ಮೇಲೆ, ಆ ಚಿಕ್ಕ ಕಾರಿಗೂ ಮರ್ಸಿಡಿಸ್ ಅದನ್ನು ಕಡ್ಡಾಯವಾಗಿ ಕೊಡತೊಡಗಿತು.

ಸುರುಳಿಯ ಸೆನ್ಸರಿಗೆ ಒಂದು ಕೊರತೆಯಿತ್ತು. ಚಕ್ರ ನಿಧಾನವಾದಂತೆ ಸಂಕೇತ ಸಣ್ಣದಾಗುತ್ತದೆ, ನಡಿಗೆಯ ವೇಗಕ್ಕಿಳಿದರೆ ಕೇಳಿಸುವುದೇ ಇಲ್ಲ. 1879ರಲ್ಲಿ ಅಮೆರಿಕದ ವಿದ್ಯಾರ್ಥಿ ಎಡ್ವಿನ್ ಹಾಲ್ ಗುರುತಿಸಿದ ಪರಿಣಾಮವನ್ನು ಬಳಸುವ ಸೆನ್ಸರುಗಳು ಈ ಕೊರತೆ ನೀಗಿದವು. ಅವು ಹಲ್ಲಿನ ವೇಗಕ್ಕಲ್ಲ, ಅಯಸ್ಕಾಂತ ಕ್ಷೇತ್ರಕ್ಕೆ ಸ್ಪಂದಿಸುತ್ತವೆ.

ಭಾರತದಲ್ಲಿ 125 ಸಿಸಿ ಮೀರಿದ ಹೊಸ ಮಾದರಿಯ ಬೈಕುಗಳಿಗೆ 2018ರ ಏಪ್ರಿಲ್‌ನಿಂದ, ಅದಾಗಲೇ ಮಾರಾಟದಲ್ಲಿದ್ದ ಮಾದರಿಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯವಾಯಿತು. ಅದಕ್ಕಿಂತ ಚಿಕ್ಕವಕ್ಕೆ ಸಿಬಿಎಸ್ ಸಾಕು ಎಂದಿತು ನಿಯಮ. ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಕ್ಕೆ ಒತ್ತಡ ಹಂಚುವ ವ್ಯವಸ್ಥೆ ಅದು. ಅಗ್ಗ, ಉಪಯುಕ್ತ, ನಿಜ. ಆದರೆ ಚಕ್ರ ತಿರುಗುತ್ತಿದೆಯೋ ನಿಂತಿದೆಯೋ ಎಂದು ಅದು ವಿಚಾರಿಸುವುದಿಲ್ಲ.

ಕೆಲಸಕ್ಕೆ ಹೋಗುವವರ, ಮಗುವನ್ನು ಶಾಲೆಗೆ ಬಿಡುವವರ ಗಾಡಿ ಹೆಚ್ಚಾಗಿ ಈ ಚಿಕ್ಕ ವರ್ಗದ್ದೇ. ವಿಮಾನದಿಂದ ಐಷಾರಾಮಿ ಕಾರಿಗೆ, ಅಲ್ಲಿಂದ ಚಿಕ್ಕ ಕಾರಿಗೆ, ದೊಡ್ಡ ಬೈಕಿಗೆ ಇಳಿದು ಬಂದ ಈ ಸೆನ್ಸರು ಆ ನಿಯಮದಲ್ಲಿ 125 ಸಿಸಿಯ ಗೆರೆಯ ಬಳಿ ನಿಂತಿತು. ಅದನ್ನು ನಿಲ್ಲಿಸಿದ್ದು ಭೌತಶಾಸ್ತ್ರವಲ್ಲ. ಮಳೆಗೆ ಒದ್ದೆಯಾದ ಟಾರು ಸಿಸಿ ಕೇಳಿ ಜಾರಿಸುವುದಿಲ್ಲ.