ದಯೆಯ ಮದ್ದು, ರಣಹದ್ದುಗಳ ಅಳಿವು

ಮುಪ್ಪಾದ ಗೋವಿನ ಕೀಲುನೋವಿಗೆ ಮದ್ದು ಕೊಡಿಸುವುದು ಜೀವದಯೆಯೇ ಸರಿ. ಆ ದಯೆಯೇ ಮತ್ತೊಂದು ಜೀವಕುಲದ ಅಳಿವಿಗೆ ಕಾರಣವಾದ ಪ್ರಸಂಗವು ನಮ್ಮ ಕಾಲದಲ್ಲಿಯೇ ನಡೆದಿದೆ. ಗೋಶಾಲೆಗಳನ್ನು ನಡೆಸುವ ಧರ್ಮಸಂಸ್ಥೆಗಳವರು ಇದನ್ನು ಅರಿತಿರಬೇಕು.

ಡೈಕ್ಲೋಫೆನಾಕ್ ಬಾವು ಮತ್ತು ನೋವನ್ನು ಶಮನಗೊಳಿಸುವ ಮದ್ದು. ಮನುಷ್ಯರ ಬಳಕೆಗಾಗಿ ನಂತೂರಿನಂತಹ ಊರಿನ ಔಷಧಾಲಯಗಳಲ್ಲಿ ಇಂದಿಗೂ ದೊರೆಯುತ್ತದೆ. ಆಸ್ಪಿರಿನ್ ಮೊದಲಾದ ಇಂತಹ ಮದ್ದುಗಳು ದೇಹದಲ್ಲಿ ಪ್ರೋಸ್ಟಗ್ಲಾಂಡಿನ್ ಎಂಬ ದ್ರವ್ಯ ಉತ್ಪತ್ತಿಯಾಗುವುದನ್ನು ತಡೆಯುತ್ತವೆ ಎಂಬುದನ್ನು 1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್ ತೋರಿಸಿಕೊಟ್ಟರು. ಮೂತ್ರಪಿಂಡಗಳಿಗೆ ರಕ್ತವು ಸರಾಗವಾಗಿ ಹರಿಯುವುದಕ್ಕೂ ಅದೇ ದ್ರವ್ಯದ ನೆರವು ಬೇಕು. ಹೀಗಾಗಿ, ಮದ್ದನ್ನು ಅಧಿಕವಾಗಿ ಉಣಿಸಲ್ಪಟ್ಟ ಪ್ರಯೋಗಶಾಲೆಯ ಇಲಿಗಳ ಮೂತ್ರಪಿಂಡಗಳು ಕೆಟ್ಟದ್ದು ವಿಜ್ಞಾನಿಗಳಿಗೆ ತಿಳಿಯದ ಸಂಗತಿಯಲ್ಲ. ಆದರೆ ಇಲಿಯ ಅಳತೆ ಹದ್ದಿಗೆ ಸಲ್ಲಲಿಲ್ಲ.

1990ರ ದಶಕದಲ್ಲಿ ಭರತಪುರದ ಪಕ್ಷಿಧಾಮದಲ್ಲಿ ವಿಭು ಪ್ರಕಾಶ್ ಅವರು ರಣಹದ್ದುಗಳ ಇಳಿಕೆಯನ್ನು ಗುರುತಿಸಿದರು. 1992ರಿಂದ 2007ರೊಳಗೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದುಗಳು ನೂರಕ್ಕೆ 99ಕ್ಕೂ ಮಿಕ್ಕಿ ನಶಿಸಿದವು. ಕಾರಣವನ್ನು 2004ರಲ್ಲಿ ಲಿಂಡ್ಸೆ ಓಕ್ಸ್ ಮತ್ತು ಸಂಗಡಿಗರು ಪಾಕಿಸ್ತಾನದಲ್ಲಿ ನಡೆಸಿದ ಅಧ್ಯಯನದಿಂದ ಪ್ರಕಟಪಡಿಸಿದರು. ಮದ್ದು ಪಡೆದ ಜಾನುವಾರಿನ ಶವವನ್ನು ತಿಂದ ಹದ್ದಿನ ಮೂತ್ರಪಿಂಡ ನಿಷ್ಕ್ರಿಯಗೊಳ್ಳುತ್ತದೆ. ಹೊರಹೋಗಬೇಕಾದ ಯೂರಿಕ್ ಆಮ್ಲವು ಹೃದಯ, ಯಕೃತ್ತುಗಳ ಮೇಲೆ ಸುಣ್ಣದಂತೆ ಹರಳುಗಟ್ಟುತ್ತದೆ. ಇದನ್ನು ಸಿದ್ಧಪಡಿಸಲು ಬಂಧನದಲ್ಲಿದ್ದ ಹದ್ದುಗಳಿಗೆ ಅದೇ ಮದ್ದನ್ನೂ ಅದು ಸೇರಿದ ಮಾಂಸವನ್ನೂ ಉಣಿಸಲಾಯಿತು. ಅವುಗಳಲ್ಲಿ ಹಲವು ಸತ್ತವು. ಇದು ತಿಳಿದೇ ಎಸಗಿದ ಹಿಂಸೆ. ರೈತನದಾದರೋ ಅರಿಯದೆ ಆದದ್ದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಸಮ್ಮತವಲ್ಲ.

ಭಾರತ ಸರ್ಕಾರವು 2006ರಲ್ಲಿ ಪಶುಚಿಕಿತ್ಸೆಗಾಗಿ ಡೈಕ್ಲೋಫೆನಾಕ್ ತಯಾರಿಸುವುದನ್ನು ನಿಲ್ಲಿಸಲು ಆದೇಶಿಸಿತು. ಅದೇ ವರ್ಷ ಮೆಲೊಕ್ಸಿಕಾಮ್ ಎಂಬ ಮದ್ದು ಹದ್ದುಗಳಿಗೆ ನಿರಪಾಯವೆಂದು ಪರೀಕ್ಷೆಗಳಿಂದ ತಿಳಿದುಬಂತು. ಆದರೂ ಮನುಷ್ಯರಿಗೆಂದು ತಯಾರಾದ ದೊಡ್ಡ ಸೀಸೆಗಳು ಕೊಟ್ಟಿಗೆ ಸೇರುತ್ತಲೇ ಇದ್ದುದರಿಂದ, 2015ರಲ್ಲಿ ಸೀಸೆಯ ಗಾತ್ರವನ್ನು 3 ಮಿಲಿಲೀಟರಿಗೆ ಮಿತಗೊಳಿಸಬೇಕಾಯಿತು. ಈ ಕಾಲದವರು ಅರಿಯದವರೆಂದು ಹೇಳುವಂತಿಲ್ಲ.

ಇನ್ನೂ ಖೇದಕರವಾದುದು ಕೀಟೊಪ್ರೊಫೆನ್‌ನ ಕಥೆ. ಅದು ಹದ್ದುಗಳಿಗೆ ಮಾರಕವೆಂದು ದಕ್ಷಿಣ ಆಫ್ರಿಕದ ಪ್ರಯೋಗಗಳು ತೋರಿದ್ದು 2010ರಲ್ಲಿ ಪ್ರಕಟವಾಯಿತು. ಅಲ್ಲಿಯೂ ಹದ್ದುಗಳು ಸತ್ತೇ ಸತ್ಯ ತಿಳಿದದ್ದು. ಪಶುಗಳಿಗೆ ಅದನ್ನೂ ಅಸಿಕ್ಲೋಫೆನಾಕ್ ಮದ್ದನ್ನೂ ಭಾರತವು ನಿಷೇಧಿಸಿದ್ದು 2023ರಲ್ಲಿ. ಪಂಜರದ ಹಕ್ಕಿಗಳ ಪ್ರಾಣವನ್ನು ತೆತ್ತು ಪಡೆದ ಜ್ಞಾನವು ಹದಿಮೂರು ವರ್ಷ ಕಡತಗಳಲ್ಲಿ ಮಲಗಿತ್ತು!

ನಮ್ಮ ನಾಡಿನಲ್ಲಿ ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳ ವನ್ಯಧಾಮವೆಂದು ಘೋಷಿಸಲಾಯಿತು. ಉದ್ದಕೊಕ್ಕಿನ ರಣಹದ್ದುಗಳು ಅಲ್ಲಿನ ಬಂಡೆಗಳ ಮೇಲೆ ನೆಲೆಸಿವೆ. ಆದರೆ ಅವು ಆಹಾರವನ್ನರಸಿ ಹಾರುವ ದೂರವು ವನ್ಯಧಾಮದ ಎಲ್ಲೆಯನ್ನು ಎಷ್ಟೋ ಮೀರಿದ್ದು; ಸುತ್ತಣ ಹಳ್ಳಿಗಳ ಯಾವ ಕೊಟ್ಟಿಗೆಯಲ್ಲಿ ಯಾವ ಸೀಸೆ ಒಡೆಯಿತೆಂಬುದು ಬೆಟ್ಟದ ಕಾವಲುಗಾರನಿಗೆ ಕಾಣಿಸದು.