ಕರೆಯಲು ಸುಲಭವಾದ ಒಂದು ವೆಲ್ಷ್ ಹೆಸರು

ಬೆಂಗಳೂರಲ್ಲಿ ಕಲ್ಲೆಸೆದರೆ ನಾಯಿಗೋ ಸಾಫ್ಟ್‌ವೇರ್ ಇಂಜಿನಿಯರಿಗೋ ಬೀಳುತ್ತೆ ಅನ್ನೋ ಹಳೇ ಜೋಕು ಗೊತ್ತಲ್ಲ? ವೇಲ್ಸ್‌ನಲ್ಲಾದರೆ ಜೋನ್ಸ್‌ಗೆ ಬೀಳುತ್ತೆ. ತಮಾಷೆ ಅಂದ್ರೆ, ವೆಲ್ಷ್ ಭಾಷೆಯ ಹಳೆಯ ಅಕ್ಷರಮಾಲೆಯಲ್ಲಿ 'ಜೆ' ಅಕ್ಷರವೇ ಇಲ್ಲ!

ಹಿಂದೆ ಅಲ್ಲಿಯವರಿಗೆ ಮನೆತನದ ಹೆಸರು ಅಂತ ಇರಲಿಲ್ಲ. ತಮ್ಮ ಹೆಸರು, ಆಮೇಲೆ 'ಅಪ್' (ಮಗ), ಆಮೇಲೆ ಅಪ್ಪನ ಹೆಸರು. ನಮ್ಮ ಇನಿಷಿಯಲ್ ಥರಾನೇ. 1282ರಲ್ಲಿ ಇಂಗ್ಲಿಷರ ಕೈಲಿ ಸತ್ತ ರಾಜ ಲವೆಲಿನ್ ಅಪ್ ಗ್ರಿಫಿದ್ ಅಂದರೆ ಗ್ರಿಫಿದ್‌ನ ಮಗ ಲವೆಲಿನ್. 1536ರ ಕಾಯ್ದೆ ಬಂದು ಕೋರ್ಟು, ಕಚೇರಿಗಳೆಲ್ಲ ಇಂಗ್ಲಿಷ್ ಆದವು. ಮೊದಲು ಸಿರಿವಂತರು, ಆಮೇಲೆ ನಿಧಾನವಾಗಿ ಉಳಿದವರು ಇಂಗ್ಲಿಷ್ ಥರದ ಹೆಸರಿಗೆ ಹೊರಳಿದರು. ಅಪ್ ಹವೆಲ್ ಹೋಗಿ ಪೊವೆಲ್, ಅಪ್ ರೀಸ್ ಹೋಗಿ ಪ್ರೈಸ್, ಅಬ್ ಓವೈನ್ ಹೋಗಿ ಬೋವೆನ್. ಅಪ್ಪನ ಹೆಸರು ಜಾನ್ ಆಗಿದ್ದ ಎಷ್ಟೋ ಜನ ಜೋನ್ಸ್ ಆದರು. ಪಾಸ್‌ಪೋರ್ಟ್ ಅರ್ಜಿಯ ಸರ್‌ನೇಮ್ ಖಾನೆ ಎದುರು ಪೆನ್ನು ಕಚ್ಚುತ್ತಾ ಕೂತಿದ್ದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತೆ :)

ಇದನ್ನೆಲ್ಲ ಕೆದಕಿದ್ದು ಕಾರ್ಡಿಫ್‌ನಲ್ಲಿರೋ ಗೆಳೆಯನಿಗಾಗಿ. ಅವನ ಹೆಂಡತಿ ವೆಲ್ಷ್. ಹುಟ್ಟೋ ಮಗುವಿಗೆ ಅವಳ ಭಾಷೆಯ ಹೆಸರೇ ಇಡಬೇಕು, ಆದರೆ ಅದು ದಾವಣಗೆರೆಯ ಅಜ್ಜಿಯ ಬಾಯಲ್ಲೂ ಹೊರಳಬೇಕು. ಲವೆಲಿನ್ ಮೊದಲೇ ಔಟ್. ನಾನು ಬರೆದಿರೋ ಈ 'ಲ' ನಿಜವಾಗಿ ಲ ಅಲ್ಲ, ಳ ಕೂಡ ಅಲ್ಲ. ನಾಲಿಗೆಯನ್ನು ಲ ಹೇಳೋ ಜಾಗದಲ್ಲೇ ಇಟ್ಟು ಪಕ್ಕದಿಂದ ಬರೀ ಗಾಳಿ ಬಿಡಬೇಕು. ಶೇಕ್ಸ್‌ಪಿಯರ್‌ನ 'ಐದನೇ ಹೆನ್ರಿ' ನಾಟಕದಲ್ಲೇ ಅದು ಫ್ಲುಎಲೆನ್ ಆಗಿಹೋಗಿದೆ. ನಿಯಾ, ಮೆಗನ್, ಗ್ವೆನ್, ಅಲೆಡ್ ಇವಕ್ಕೆಲ್ಲ ತೊಂದರೆಯಿಲ್ಲ, ಕನ್ನಡದಲ್ಲಿ ಬರೆದಂಗೇ ಓದಿದರಾಯ್ತು. ಹುಡುಗಿಯಾದರೆ ನನ್ನ ಓಟು ನಿಯಾಗೆ.

ಹುಡುಗನಾದರೆ ಡಿಲನ್ ಅಂತ ಅವರ ಯೋಚನೆ. ಸುಲಭ ಅನಿಸುತ್ತೆ ಅಲ್ವಾ? ವೆಲ್ಷ್ ಬಾಯಲ್ಲಿ ಅದು 'ಡಲನ್'ಗೆ ಹತ್ತಿರ. 1914ರಲ್ಲಿ ಸ್ವಾನ್ಸಿಯಲ್ಲಿ ಹುಟ್ಟಿದ ಕವಿ ಡಿಲನ್ ಥಾಮಸ್‌ಗೆ ಈ ಹೆಸರಿಟ್ಟಿದ್ದು ಇಂಗ್ಲಿಷ್ ಮೇಷ್ಟ್ರಾಗಿದ್ದ ಅವನಪ್ಪ. ಆರಿಸಿದ್ದು ಮಬಿನೋಗಿ ಎಂಬ ಹಳೆಯ ವೆಲ್ಷ್ ಕಥೆಗಳಿಂದ. ಅಲ್ಲಿ ಡಿಲನ್ ಅನ್ನೋ ಕೂಸು ಹೆಸರಿಟ್ಟ ಕೂಡಲೇ ಸೀದಾ ಸಮುದ್ರಕ್ಕೆ ಹೊರಟುಬಿಡುತ್ತೆ. ಅಮ್ಮನಿಗೆ ಮಾತ್ರ ಚಿಂತೆ: ಡಲನ್ ಅಂದರೆ ಇಂಗ್ಲಿಷಿನ 'ಡಲ್' ನೆನಪಾಗಿ, ದಡ್ಡ ಅಂತ ಮಕ್ಕಳು ಆಡಿಕೊಂಡರೆ? ಮುಂದೆ ಕವಿಯೇ ರೇಡಿಯೋದವರಿಗೆ 'ಡಿಲನ್' ಅಂತಲೇ ಹೇಳಿ ಅನ್ನುತ್ತಿದ್ದ. ಅಪ್ಪ ಅಮ್ಮ ಇಬ್ಬರಿಗೂ ವೆಲ್ಷ್ ಬರುತ್ತಿತ್ತು. ಮಗನಿಗೆ ಕಲಿಸಲಿಲ್ಲ.

ಗೆಳೆಯನಿಗೆ ಇಷ್ಟನ್ನೂ ಮೇಲ್ ಮಾಡಿದ್ದೇನೆ. ಅವನ ಹೆಂಡತಿ ಮಗುವಿನ ಹತ್ರ ವೆಲ್ಷ್ ಮಾತಾಡ್ತಾಳಂತೆ. ನೀನು ಕನ್ನಡ ಮಾತಾಡ್ತೀಯೇನೋ ಅಂತ ಕೇಳಿದ್ದೆ, ಇನ್ನೂ ಉತ್ತರ ಬಂದಿಲ್ಲ.