ಹನಿಯಲೇಬೇಕಾದ ತೂತು

ಪ್ರೊಪೆಲ್ಲರಿನ ಚರಿತ್ರೆ ಬರೆದವರೆಲ್ಲ 1845ರ ಒಂದು ಹಗ್ಗಜಗ್ಗಾಟದ ಕಥೆ ಹೇಳುತ್ತಾರೆ. ಬ್ರಿಟಿಷ್ ನೌಕಾಪಡೆ ಪ್ರೊಪೆಲ್ಲರ್ ಇದ್ದ 'ರ‍್ಯಾಟ್ಲರ್' ಹಡಗನ್ನೂ ಪಕ್ಕಗಾಲಿಗಳಿದ್ದ 'ಅಲೆಕ್ಟೊ' ಹಡಗನ್ನೂ ಹಿಂಬದಿಗೆ ಹಿಂಬದಿ ಕಟ್ಟಿ ಎಳೆಸಿತು, ರ‍್ಯಾಟ್ಲರ್ ಗೆದ್ದಿತು. ಆ ಗೆಲುವಿಗಾಗಿ ಹಡಗಿಗೆ ಕೊರೆದ ತೂತಿನ ಮೇಲೆಯೇ ನನಗೆ ಹೆಚ್ಚು ಕುತೂಹಲ.

ಗಾಲಿಯ ಹಡಗಿನಲ್ಲಿ ಅಚ್ಚು ನೀರಿನ ಮಟ್ಟಕ್ಕಿಂತ ಮೇಲಿರುತ್ತಿತ್ತು. ಪ್ರೊಪೆಲ್ಲರ್ ಇರುವುದು ನೀರಿನೊಳಗೆ, ಎಂಜಿನ್ ಇರುವುದು ಹಡಗಿನೊಳಗೆ. ಎರಡನ್ನೂ ಕೂಡಿಸುವ ಶಾಫ್ಟಿಗಾಗಿ ನೀರಿನ ಮಟ್ಟದ ಕೆಳಗೆ ತೂತು ಬೇಕು. ಪೂರ್ತಿ ಬಿಗಿದರೆ ಶಾಫ್ಟ್ ತಿರುಗದು, ಹಾಗೇ ಬಿಟ್ಟರೆ ಹಡಗು ಉಳಿಯದು.

ಉಗಿಯಂತ್ರದಲ್ಲಿ ಆಗಲೇ ಬಳಕೆಯಲ್ಲಿದ್ದ ಸ್ಟಫಿಂಗ್ ಬಾಕ್ಸ್ ಇಲ್ಲಿ ನೆರವಿಗೆ ಬಂತು. ಶಾಫ್ಟಿನ ಸುತ್ತ ಒಂದು ಡಬ್ಬಿ, ಅದರೊಳಗೆ ಕೊಬ್ಬು ಸವರಿದ ನಾರಿನ ಹುರಿಯ ಸುತ್ತುಗಳು, ಅವನ್ನು ಒತ್ತಿಹಿಡಿಯುವ ಗ್ಲ್ಯಾಂಡ್. ಅನೇಕ ದೋಣಿಗಳಲ್ಲಿ ಇಂದಿಗೂ ಇದೇ ಏರ್ಪಾಡು. ಶಾಫ್ಟ್ ತಿರುಗುವಾಗ ಇದರಿಂದ ಆಗಾಗ ಒಂದು ಹನಿ ನೀರು ಬರಲೇಬೇಕು. ಹುರಿಯನ್ನು ತಂಪಾಗಿಡುವುದು ಆ ನೀರೇ. ಹನಿಯೂ ಬಾರದಂತೆ ಬಿಗಿದರೆ ಹುರಿ ಸುಟ್ಟು, ಶಾಫ್ಟಿಗೆ ಗೀರು ಬಿದ್ದು, ಸೋರಿಕೆ ಹೆಚ್ಚಾಗುತ್ತದೆ. ಹುರಿ ಬದಲಿಸುವಾಗ ಹಳೆಯದನ್ನು ಪೂರ್ತಿ ತೆಗೆದು, ಹೊಸ ಸುತ್ತುಗಳ ಸಂದುಗಳು ಒಂದೇ ಸಾಲಿಗೆ ಬಾರದಂತೆ ಕೂರಿಸಬೇಕು.

ಹುರಿಯೊಂದೇ ಸಾಲಲಿಲ್ಲ. ಶಾಫ್ಟಿನ ಭಾರಕ್ಕೆ ಲೋಹದ ಬೇರಿಂಗುಗಳು ಬೇಗ ಸವೆಯುತ್ತಿದ್ದವು. ಶಾಫ್ಟ್ ಅಲುಗಾಡಿದರೆ ಯಾವ ಹುರಿಯೂ ನೀರು ತಡೆಯದು. 1854ರಲ್ಲಿ ಗ್ರೀನಿಚ್‌ನ ಎಂಜಿನಿಯರ್ ಜಾನ್ ಪೆನ್ ಮರದ ಬೇರಿಂಗಿಗೆ ಪೇಟೆಂಟ್ ಪಡೆದ. ಕೆರಿಬಿಯನ್ ಕಡೆಯ ಲಿಗ್ನಮ್ ವೈಟೆ ನೀರಿನಲ್ಲಿ ಮುಳುಗುವಷ್ಟು ಭಾರದ, ಜಿಡ್ಡಿನ ರಾಳವುಳ್ಳ ಮರ. ಅದರ ಪಟ್ಟಿಗಳ ನಡುವೆ ಸಮುದ್ರದ ನೀರೇ ಎಣ್ಣೆಯ ಕೆಲಸ ಮಾಡಿತು. ಕಬ್ಬಿಣದ ಹಡಗುಗಳ ಶಾಫ್ಟು ಮರದ ಮೇಲೆ ತಿರುಗತೊಡಗಿತು.

ಈ ದಾರಿ ತೆರೆದುಕೊಂಡರೆ ಏನಾಗುತ್ತದೆಂದು 1941ರ ಡಿಸೆಂಬರ್ 10ರಂದು ಮಲಯಾದ ಕಡಲಿನಲ್ಲಿ ಕಂಡಿತು. ಜಪಾನಿ ಟಾರ್ಪಿಡೊ 'ಪ್ರಿನ್ಸ್ ಆಫ್ ವೇಲ್ಸ್' ಯುದ್ಧನೌಕೆಯ ಎಡಬದಿಯ ಶಾಫ್ಟಿನ ಬಳಿ ಬಡಿಯಿತು. ಜಾಗ ತಪ್ಪಿ ತಿರುಗಿದ ಶಾಫ್ಟು ಗೋಡೆಗಳಲ್ಲಿದ್ದ ಸೀಲುಗಳನ್ನು ಕಿತ್ತುಹಾಕಿತು. ಶಾಫ್ಟಿನ ಹಾದಿಯಲ್ಲೇ ನೀರು ಒಳನುಗ್ಗಿತು. ಮತ್ತಷ್ಟು ಟಾರ್ಪಿಡೊಗಳು ತಗುಲಿ ಹಡಗು ಮುಳುಗಿದಾಗ ಅದರಲ್ಲಿದ್ದ 327 ಜನ ಸತ್ತರು.

ಇಪ್ಪತ್ತನೆಯ ಶತಮಾನದ ದೊಡ್ಡ ಹಡಗುಗಳಲ್ಲಿ ಮರದ ಬದಲು ಎಣ್ಣೆ ತುಂಬಿದ ಕೊಳವೆ, ರಬ್ಬರ್ ಸೀಲು ಬಂದವು. ಸೀಲು ಸವೆದಾಗ ಎಣ್ಣೆ ಸಮುದ್ರಕ್ಕೆ ಸೋರಿತು. 2013ರ ಡಿಸೆಂಬರಿನಿಂದ ಅಮೆರಿಕ ತನ್ನ ನೀರಿಗೆ ಬರುವ ದೊಡ್ಡ ಹಡಗುಗಳು ಸಾಧ್ಯವಿರುವಲ್ಲೆಲ್ಲ ಪರಿಸರಕ್ಕೆ ಕಡಿಮೆ ಹಾನಿಯ ಎಣ್ಣೆ ಬಳಸಬೇಕೆಂದಿತು. ಕೆಲವರು ಮತ್ತೆ ನೀರಿನ ಬೇರಿಂಗಿಗೇ ಮರಳಿದರು. ಈಗ ಮರದ ಬದಲು ಪ್ಲಾಸ್ಟಿಕ್‌ನಂಥ ವಸ್ತು.

ದೋಣಿಗಳಿಗೆ ಇಂದು ಹನಿಯೇ ಬಾರದ ಯಾಂತ್ರಿಕ ಸೀಲುಗಳೂ ಸಿಗುತ್ತವೆ. ದೋಣಿಯ ತಳ ಒಣಗಿರುತ್ತದೆ, ಹುರಿ ಬಿಗಿಯುವ ಕೆಲಸವಿಲ್ಲ. ಆದರೆ ಅದರ ರಬ್ಬರ್ ತಿದಿ ಹರಿದರೆ ನೀರು ಒಮ್ಮೆಲೇ ನುಗ್ಗುತ್ತದೆ. ಹುರಿಯಾದರೋ ಸಾಮಾನ್ಯವಾಗಿ ಹನಿ ಹೆಚ್ಚಿಸಿ ಮೊದಲೇ ಎಚ್ಚರಿಸುತ್ತದೆ. ಎರಡರಲ್ಲಿ ಒಂದನ್ನು ಆರಿಸುವಾಗ ಯಾವುದು ಸೋರುವುದಿಲ್ಲ ಎಂದು ಕೇಳಿದರೆ ಸಾಲದು, ಕೆಡುವ ಮುಂಚೆ ಯಾವುದು ಹೇಳುತ್ತದೆ ಎಂದೂ ಕೇಳಬೇಕು.